ಕಡೂರು ತೀರ್ಥಪ್ಪ ಕೊಟ್ಟ ಮಿಕ್ಸಿ

ಕಡೂರಿನ ಸಂತೆ ಬೀದಿಯಲ್ಲಿ ಈರಭದ್ರಪ್ಪನ ಪಾತ್ರೆ ಅಂಗಡಿ ಇದೆ. ಅದರ ಮೆಟ್ಟಿಲ ಕೆಳಗೆ, ಒಬ್ಬ ಕಾಲು ಮಡಿಸಿ ಕೂತರೆ ಇನ್ನೊಬ್ಬ ನಿಂತೇ ಮಾತಾಡಬೇಕಾದಷ್ಟು ಜಾಗದಲ್ಲಿ, ನಲವತ್ತೆಂಟು ವರ್ಷದಿಂದ ಕೂತಿರುವವನು ತೀರ್ಥಪ್ಪ. ಅವನಿಗೆ ಕೆಲಸ ಎರಡು. ಪಾತ್ರೆಯ ಮೇಲೆ ಹೆಸರು ಕೆತ್ತುವುದು ಒಂದು, ಕೆಟ್ಟ ಸಾಮಾನು ಬಿಚ್ಚುವುದು ಇನ್ನೊಂದು. ಬಿಚ್ಚಿದ್ದನ್ನು ಜೋಡಿಸುವುದು ತಾನಾಗಿ ಹಿಂದೆ ಬರುತ್ತದೆ, ಅದನ್ನೊಂದು ಬೇರೆ ಕೆಲಸವೆಂದು ಅವನು ಹೇಳಿಕೊಳ್ಳುವುದಿಲ್ಲ.

ಓದಿದ್ದು ಏಳನೇ ಕ್ಲಾಸು. ಅದರಲ್ಲಿ ಪಾಸಾದದ್ದು ಆರು. ಉಳಿದ ವಿದ್ಯೆಯೆಲ್ಲ ಬಿಚ್ಚಿ ಬಿಚ್ಚಿಯೇ ಕಲಿತದ್ದು. ಹದಿನಾಲ್ಕನೇ ವಯಸ್ಸಿನಲ್ಲಿ ಮೇಷ್ಟ್ರ ಮನೆಯ ಸೀಮೆಎಣ್ಣೆ ಸ್ಟೌವನ್ನು ಬಿಚ್ಚಿ, ಜೋಡಿಸಿ, ಗಾಳಿ ಹೊಡೆದು, ಕಡ್ಡಿ ಗೀರಿ, ತನ್ನ ಎಡಗಡೆಯ ಹುಬ್ಬನ್ನು ಅದಕ್ಕೆ ನೈವೇದ್ಯ ಮಾಡಿದ್ದ. ಹುಬ್ಬು ಮತ್ತೆ ಬಂತು, ಸ್ಟೌ ಹದಿನೇಳು ವರ್ಷ ಉರಿಯಿತು. ಈ ಎರಡು ಸಂಗತಿಯನ್ನೂ ಅವನು ಒಂದೇ ಉಸಿರಿನಲ್ಲಿ ಹೇಳುತ್ತಾನೆ, ಎರಡೂ ತನ್ನ ಕೈಗುಣವೇ ಎಂಬಂತೆ.

ಚೌಳಹಿರಿಯೂರಿನಿಂದ ಅಜ್ಜಂಪುರದ ತನಕ ಯಾರ ಅಡಿಗೆಮನೆಗೆ ಹೋದರೂ ಬಿಂದಿಗೆಯ ಕತ್ತಿನಲ್ಲಿ, ಕೊಳಗದ ಬಾಯಂಚಿನಲ್ಲಿ ತೀರ್ಥಪ್ಪನ ಅಕ್ಷರ ಕಾಣುತ್ತದೆ. ಚೆನ್ನಾಗಿ ನೆನೆದ ಕಡಲೆಕಾಳಿನ ಹಾಗೆ ದಪ್ಪಗೆ, ದುಂಡಗೆ, ಒಂದಕ್ಕೊಂದು ಒತ್ತಿಕೊಂಡು ಕೂತ ಅಕ್ಷರ. ಮದುವೆಯ ಊಟಕ್ಕೆ ಹೋದರೆ ಅವನು ಎಲೆ ನೋಡುವುದಕ್ಕೆ ಮುಂಚೆ ನೀರಿನ ಲೋಟವನ್ನು ತಿರುಗಿಸಿ ತಳ ನೋಡುತ್ತಾನೆ. ತನ್ನ ಕೈಯದಾದರೆ, ಪಕ್ಕದಲ್ಲಿ ಕೂತವರಿಗೆ ಅದು ಯಾವ ವರ್ಷದ್ದು, ಯಾವ ಊರಿನ ಯಾರ ಗೃಹಪ್ರವೇಶದ್ದು ಎಂಬ ವಿವರ ಸಿಗುತ್ತದೆ, ಅವರು ಬೇಡವೆಂದರೂ. ಹೆಂಡತಿ ಸಾವಿತ್ರಮ್ಮ ಈ ಕಾರಣಕ್ಕೆ ಗಂಡನ ಪಕ್ಕದ ಎಲೆಯಲ್ಲಿ ಕೂರುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು.

ರಿಪೇರಿಯಲ್ಲಿ ಅವನಿಗೊಂದು ಪದ್ಧತಿ. ತೆರೆದ ಸಾಮಾನನ್ನು ಮುಚ್ಚುವುದಕ್ಕೆ ಮುಂಚೆ ಒಳಗಡೆ ಮೊಳೆಯಿಂದ ಅವತ್ತಿನ ತಾರೀಕು ಗೀಚುವುದು. ಮನೆಯಲ್ಲಿರುವ ಹಳೇ ಮಿಕ್ಸಿಯ ಹೊಟ್ಟೆಯೊಳಗೆ ಹಾಗೆ ಒಂಬತ್ತು ತಾರೀಕುಗಳಿವೆ. ಅದರ ಹಿಡಿ ಈಗ ಮರದ್ದು, ತಿರುಗಿಸುವ ಗುಬುಟು ಯಾವುದೋ ರೇಡಿಯೋದ್ದು, ಕೆಳಗಿನ ನಾಲ್ಕು ಕಾಲು ಔಷಧಿ ಬಾಟಲಿಯ ರಬ್ಬರು ಬಿರಡೆ. ಮದುವೆಯ ದಿನವನ್ನು ಮಾತ್ರ ನೆನಪಿಟ್ಟುಕೊಳ್ಳದವರು ಇದರ ದಿನವನ್ನೆಲ್ಲ ಬರೆದಿಟ್ಟಿದ್ದಾರೆ ಎಂದು ಸಾವಿತ್ರಮ್ಮ ಬಂದವರಿಗೆಲ್ಲ ಅದನ್ನು ತೋರಿಸುತ್ತಾಳೆ. ಮಿಕ್ಸಿ ಮಾತ್ರ ಇಪ್ಪತ್ತೊಂಬತ್ತು ವರ್ಷದಿಂದ ತಿರುಗುತ್ತಲೇ ಇದೆ. ಸ್ವಲ್ಪ ಕೆಮ್ಮುತ್ತದೆ, ಅಷ್ಟೇ.

ಈಚೆಗೆ ಮೆಟ್ಟಿಲ ಕೆಳಗೆ ಬರುವ ಸಾಮಾನು ನೋಡಿದರೆ ತೀರ್ಥಪ್ಪನಿಗೆ ಮೈಯೆಲ್ಲ ಉರಿಯುತ್ತದೆ. ಒಂದನ್ನೂ ಬಿಚ್ಚಲು ಬಿಡುವುದಿಲ್ಲ. ಸ್ಕ್ರೂ ಇರಬೇಕಾದ ಜಾಗದಲ್ಲಿ ಅಂಟು. ಅಂಟಿಲ್ಲದ ಕಡೆ ಯಾವ ಸ್ಕ್ರೂಡ್ರೈವರೂ ಕೂರದ ಮೂರು ಕಿವಿಯ ಸ್ಕ್ರೂ. ಹಪ್ಪಳದಷ್ಟು ತೆಳ್ಳಗಿನ ಪ್ಲಾಸ್ಟಿಕ್ಕು. ನೀರು ಕಾಯಿಸುವ ಡಬ್ಬ ಫೋನ್ ನಂಬರು ಕೇಳುತ್ತದೆ, ಫ್ಯಾನಿಗೆ ರಿಮೋಟು ಕಳೆದುಹೋದರೆ ಮನೆಯವರೆಲ್ಲ ಬೆವರುತ್ತಾ ಕೂರಬೇಕು. ಮೊದಲು ಸಾಮಾನು ಎರಡು ವರ್ಷಕ್ಕೆ ಕೆಟ್ಟರೆ ಜನ ಅದನ್ನು ಮಾರಿದವನ ವಂಶವನ್ನು ಬೈಯುತ್ತಿದ್ದರು. ಈಗ, ಬಿಡು ತೀರ್ಥಪ್ಪ, ಎರಡು ವರ್ಷ ಬಂತಲ್ಲ ಅನ್ನುತ್ತಾರೆ. ಅವನಿಗೆ ಸಾಮಾನಿಗಿಂತ ಜನರ ಈ ಸಮಾಧಾನ ಕಂಡರೇ ಹೆಚ್ಚು ಸಿಟ್ಟು.

ಇಂಥ ಮನುಷ್ಯ ತಾನೇ ಕೈಯಾರೆ ಅಂಥದ್ದೊಂದು ಸಾಮಾನು ಕೊಂಡು ತಂಗಿಗೆ ಕೊಟ್ಟ.

ತಂಗಿ ಹಾಲಮ್ಮನನ್ನು ಕೊಟ್ಟಿರುವುದು ಬುಕ್ಕಾಂಬುಧಿಗೆ. ಕೆರೆಯ ಆಚೆ ತೆಂಗಿನ ತೋಟ, ಒಂದಿಷ್ಟು ಬೆದ್ದಲು ಜಮೀನು ಇರುವ ಮನೆ. ಹಾಲಮ್ಮನ ಗಂಡನೂ ಮೈದುನನೂ ಇನ್ನೂ ಒಂದೇ ಒಲೆಯಲ್ಲಿ ಉಣ್ಣುವವರು. ಹೋದ ವರ್ಷ ಮಾಘದಲ್ಲಿ ಇಬ್ಬರೂ ಸೇರಿ ಹೊಸ ಮನೆ ಕಟ್ಟಿದರು. ಗೃಹಪ್ರವೇಶಕ್ಕೆ ಇಬ್ಬರ ಹೆಂಡತಿಯರ ತವರಿನಿಂದಲೂ ಕಾಣಿಕೆ ಬರಬೇಕು. ಮೈದುನನ ಹೆಂಡತಿ, ಅಂದರೆ ಹಾಲಮ್ಮನ ಓರಗಿತ್ತಿ ಓಂಕಾರಮ್ಮ, ತರೀಕೆರೆ ಕಡೆಯವಳು. ಅವಳ ತವರಿನವರು ಆಳೆತ್ತರದ, ಎರಡು ಬಾಗಿಲಿನ ಫ್ರಿಜ್ಜನ್ನು ಲಗೇಜು ಆಟೋದಲ್ಲಿ ನಿಲ್ಲಿಸಿಕೊಂಡು ತರುತ್ತಾರೆಂದು ಸುದ್ದಿಯಾಯಿತು.

ತೀರ್ಥಪ್ಪ ಯೋಚಿಸಿದ್ದು ಹಿತ್ತಾಳೆ ಕೊಳಗ. ಹಾಲಮ್ಮನ ಸೊಸೆ ಕೋಮಲಾ ಫೋನಿನಲ್ಲಿ ನಯವಾಗಿ ಬೇಡ ಅಂದಳು. ಹಿತ್ತಾಳೆ ತಿಕ್ಕುವವರು ಯಾರು ಮಾವ, ಕೊಡೋದಾದರೆ ಒಂದು ಮಿಕ್ಸಿ ಕೊಡಿ, ಈಗ ಬಂದಿರೋ ಟಚ್ ಮಾಡಿದರೆ ತಿರುಗುತ್ತಲ್ಲ, ಅಂಥದ್ದು. ಫ್ರಿಜ್ಜಿನ ಎದುರು ನಿಲ್ಲಬೇಕಾದ ಪ್ರಶ್ನೆ. ತೀರ್ಥಪ್ಪ ದೊಡ್ಡ ಅಂಗಡಿಗೆ ಹೋಗಿ, ನಾಲ್ಕು ಜಾರಿಗೂ ಒಂದೇ ಮುಚ್ಚಳದ, ಗುಬುಟೇ ಇಲ್ಲದ, ಗಾಜಿನ ಹಾಗೆ ಹೊಳೆಯುವ ಒಂದು ಮಿಕ್ಸಿ ಆರಿಸಿದ. ಮೋಟರಿಗೆ ಐದು ವರ್ಷ ವಾರಂಟಿ ಎಂದು ಮಾರುವವನು ಕಾಗದ ಕೊಟ್ಟ. ಬಿಚ್ಚಿ ತೋರಿಸಯ್ಯ ಎಂದು ತೀರ್ಥಪ್ಪ ಕೇಳಲಿಲ್ಲ. ಅದೊಂದು ದಿನ ಅವನಿಗೆ ಏನಾಗಿತ್ತೋ.

ಮೆಟ್ಟಿಲ ಕೆಳಗೆ ತಂದಿಟ್ಟುಕೊಂಡು, ಹೆಸರು ಎಲ್ಲಿ ಹಾಕುವುದೆಂದು ನೋಡಿದ. ಹೆಸರಿಲ್ಲದ ಕಾಣಿಕೆಯನ್ನು ನಮ್ಮ ಸೀಮೆಯಲ್ಲಿ ಯಾರು ಕೊಡುತ್ತಾರೆ? ಮೇಲೆಲ್ಲ ಉಬ್ಬು, ತಗ್ಗು, ಹೊಳಪು. ಹಿಂಬದಿಯಲ್ಲಿ ಮಾತ್ರ ಎರಡು ಬೆರಳಗಲದ ಬೆಳ್ಳಿ ಬಣ್ಣದ ತಗಡು ಇತ್ತು, ಸಪಾಟಾಗಿ, ಕರೆಯುವ ಹಾಗೆ. ಅದರ ಮೇಲೆ ಏನೋ ಇರುವೆ ಸಾಲಿನಂಥ ಸಣ್ಣ ಇಂಗ್ಲಿಷು, ಅಂಕಿ. ಕಂಪನಿಯವರು ಜಾಗ ಹಾಳುಮಾಡಿದ್ದಾರೆ ಎಂದುಕೊಂಡು ಅದನ್ನು ಅರದಿಂದ ನಯವಾಗಿ ಉಜ್ಜಿ ತೆಗೆದು, ತನ್ನ ಅಕ್ಷರದಲ್ಲಿ ಕೆತ್ತಿದ: ‘ಹಾಲಮ್ಮನಿಗೆ ತವರಿನ ಕಾಣಿಕೆ. ಕಡೂರು ತೀರ್ಥಪ್ಪ.’ ಅಷ್ಟು ಚಂದ ಬಂದದ್ದು ಈಚಿನ ವರ್ಷಗಳಲ್ಲಿ ಇಲ್ಲ ಎಂದು ಈರಭದ್ರಪ್ಪನೂ ಒಪ್ಪಿದ.

ಗೃಹಪ್ರವೇಶದಲ್ಲಿ ಮಿಕ್ಸಿಗೆ ಮರ್ಯಾದೆ ಸಿಕ್ಕಿತು. ಹಾಲಮ್ಮ ಬಂದವರಿಗೆಲ್ಲ ಅದರ ಬೆನ್ನು ತಿರುಗಿಸಿ ತೋರಿಸಿದಳು. ಫ್ರಿಜ್ಜಿನ ಮೇಲೆ ಬರೆದಿರಲಿಲ್ಲ, ಕುಂಕುಮ ಮಾತ್ರ ಹಚ್ಚಿದ್ದರು.

ಈ ವರ್ಷದ ಆಷಾಢದಲ್ಲಿ ಒಂದು ಬೆಳಗ್ಗೆ ಕೋಮಲಾ ಒಣಕೊಬ್ಬರಿ ಹಾಕಿ ಮುಟ್ಟಿದಳು. ಮಿಕ್ಸಿ ಕೀಚು ದನಿಯಲ್ಲಿ ಮೂರು ಸಲ ಕೂಗಿ, ಕೆಂಪು ದೀಪ ಮಿಣುಕಿಸಿ, ಸುಮ್ಮನಾಯಿತು. ಮತ್ತೆ ಮುಟ್ಟಿದರೆ ಮತ್ತೆ ಮೂರು ಕೂಗು. ಅಲ್ಲಿಗೆ ಮುಗಿಯಿತು. ಹೊಸ ಮನೆಗೆ ಬರುವಾಗ ಒರಳು ಕಲ್ಲನ್ನು ಹಳೇ ಮನೆಯಲ್ಲೇ ಬಿಟ್ಟು ಬಂದಿದ್ದರು, ಹಾಗಾಗಿ ಕಾಯಿ ರುಬ್ಬಬೇಕಾದರೆ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗುವ ಗತಿ.

ಓಂಕಾರಮ್ಮ ಕೆಟ್ಟ ಹೆಂಗಸಲ್ಲ. ಆದರೆ ಸಿಕ್ಕ ಇಂಥ ಸಂದರ್ಭವನ್ನು ಬಿಡುವಷ್ಟು ಒಳ್ಳೆಯವಳೂ ಅಲ್ಲ. ಫ್ರಿಜ್ಜಿನ ಬಾಗಿಲು ಸ್ವಲ್ಪ ಹೊತ್ತು ತೆರೆದಿಟ್ಟರೆ ಅದೂ ಕೂಗುತ್ತದೆ. ಅವಳು ಬೇಕೆಂದೇ ತೆರೆದಿಟ್ಟು, ನೋಡಕ್ಕಾ, ನಮ್ಮದು ಕೂಗಿದರೂ ಕೆಲಸ ಮಾಡ್ತದೆ ಎಂದು ಹಾಲಮ್ಮನಿಗೆ ಕೇಳುವ ಹಾಗೆ ಹೇಳಿದಳು. ಓಂಕಾರಮ್ಮನ ಮಗ ಮಹೇಂದ್ರ ಅಜ್ಜಂಪುರದಿಂದ ಹೊಸ ಮಿಕ್ಸಿ ತರುತ್ತೇನೆ, ಇದನ್ನು ಗುಜರಿಗೆ ಹಾಕೋಣ ಅಂದ. ಬೇಡ ಎಂದು ಹಾಲಮ್ಮ ಒಬ್ಬಳೇ ಅಡ್ಡ ನಿಂತಳು. ಅಣ್ಣ ಗೌರಿ ಹಬ್ಬಕ್ಕೆ ಬಾಗಿನ ತರುತ್ತಾನಲ್ಲ, ಅವತ್ತಿನ ತನಕ ನೋಡೋಣ. ಅವನ ಕೈಯಲ್ಲೂ ತಿರುಗದಿದ್ದರೆ ಮಾರನೇ ದಿನವೇ ಹೊಸದು ತನ್ನಿ, ಇದನ್ನು ಗುಜರಿಗೆ ನಾನೇ ಎತ್ತಿಕೊಡುತ್ತೇನೆ.

ಆಮೇಲೆ ಅಣ್ಣನಿಗೆ ಫೋನು ಮಾಡಿ ಎಲ್ಲ ಹೇಳಿದಳು. ಕೊನೆಗೆ ಮಾತ್ರ ದನಿ ತಗ್ಗಿಸಿದಳು.

“ಅದರ ಬೆನ್ನ ಮ್ಯಾಲೆ ನಿನ್ನ ಹೆಸರು ಐತೆ ಕಣಣ್ಣ. ಗುಜರಿಯೋನು ತಗೊಂಡೋಗ್ತಾ ಊರಿಗೆಲ್ಲ ಓದಿ ಹೇಳ್ತಾನೆ.”

ಬಸ್ಸಿಗೆ ಹಾಕಿ ಕಳಿಸು ಅಂದ ತೀರ್ಥಪ್ಪ.

ಮಿಕ್ಸಿ ಬಸ್ಸಿನಲ್ಲಿ ಬಂತು. ಹಾಲಮ್ಮನ ಮಗ ಅದನ್ನು ಹಳೇ ಸೀರೆಯಲ್ಲಿ ಗಂಟು ಕಟ್ಟಿ ಕಂಡಕ್ಟರ ಕೈಗೆ ಕೊಟ್ಟಿದ್ದ. ತೀರ್ಥಪ್ಪ ಮೊದಲು ನ್ಯಾಯದ ದಾರಿಯಲ್ಲೇ ಹೋಗೋಣವೆಂದು, ವಾರಂಟಿ ಕಾಗದ ಜೇಬಿಗಿಟ್ಟುಕೊಂಡು, ತರೀಕೆರೆಯಲ್ಲಿದ್ದ ಆ ಕಂಪನಿಯ ಸರ್ವೀಸ್ ಸೆಂಟರಿಗೆ ರೈಲು ಹತ್ತಿದ.

ಅಲ್ಲಿ ತಂಪು ಮಾಡಿದ ರೂಮು, ಟೋಕನ್ನು, ಕಂಪ್ಯೂಟರಿನ ಹಿಂದೆ ಸ್ಫೂರ್ತಿ ಎಂಬ ಹೆಸರಿನ ಪಟ್ಟಿ ಹಾಕಿಕೊಂಡ ಹುಡುಗಿ. ಒಂದು ಸ್ಪ್ಯಾನರಿಲ್ಲ, ಒಂದು ತೊಟ್ಟು ಎಣ್ಣೆಯ ವಾಸನೆ ಇಲ್ಲ. ಇದೆಂಥ ರಿಪೇರಿ ಅಂಗಡಿ ಎಂದು ತೀರ್ಥಪ್ಪ ಮೂಗು ಎಳೆದು ನೋಡಿದ. ಹುಡುಗಿ ಗಂಟು ಬಿಚ್ಚಿ, ಮಿಕ್ಸಿಯನ್ನು ತಿರುಗಿಸಿ, ತಗಡಿನ ಮೇಲೆ ಕಣ್ಣಿಟ್ಟಳು.

“ನಂಬರ್ ಎಲ್ಲಿ ಸರ್?”

“ಹೆಸರೇ ಐತಲ್ಲಮ್ಮ. ನಂಬರ್ ಯಾಕೆ?”

“ಕಂಪ್ಯೂಟರಿಗೆ ಹೆಸರು ಬೇಡ. ನಂಬರ್ ಹೊಡೆದ್ರೇನೇ ವಾರಂಟಿ ತೆರೆಯೋದು. ಅದನ್ನ ಉಜ್ಜಿದ್ರೆ ವಾರಂಟಿ ಹೋಯ್ತು ಅಂತ ಲೆಕ್ಕ.”

ಉಜ್ಜಿದ ಕೈ ಮೇಜಿನ ಕೆಳಗೆ ಇಳಿಯಿತು. ಇರುವೆ ಸಾಲಿನಂಥದ್ದು ಏನೆಂದು ತೀರ್ಥಪ್ಪನಿಗೆ ಈಗ ಹೊಳೆಯಿತು. ಆದರೂ ಬಿಡಲಿಲ್ಲ. ವಸ್ತುವಿನ ಮೇಲೆ ಒಡೆಯರ ಹೆಸರು ಹಾಕುವುದು ಯಾವ ಕಾನೂನಿನಲ್ಲಿ ತಪ್ಪು, ಕೊಟ್ಟವನು ತಾನೇ, ಬರೆದವನೂ ತಾನೇ, ಸಾಕ್ಷಿಗೆ ಆಧಾರ್ ಕಾರ್ಡೂ ಇದೆ ಎಂದು ವಾದಿಸಿದ. ಹುಡುಗಿ ಬೆರಳಿನಿಂದ ಅಕ್ಷರಗಳನ್ನು ಸವರುತ್ತಿದ್ದಳು. ಇಂಥದೇ ಅಕ್ಷರ ತಮ್ಮ ಮನೆಯ ಬಿಂದಿಗೆಯ ಮೇಲೂ ಇದೆ, ಅಜ್ಜಿಯದು ಚೌಳಹಿರಿಯೂರು ಅಂದಳು. ತೀರ್ಥಪ್ಪನಿಗೆ ಅಂಥ ಹೊತ್ತಿನಲ್ಲೂ ಒಂದು ಗಳಿಗೆ ಬಂದ ಕೆಲಸವೇ ಮರೆತುಹೋಯಿತು. ಅಜ್ಜಿಯ ಹೆಸರು ಕೇಳಿ, ಬಿಂದಿಗೆಯ ವರ್ಷವನ್ನೂ ಹೇಳಿಬಿಟ್ಟ.

ಬಿಂದಿಗೆಯ ಋಣಕ್ಕೋ ಏನೋ, ಅವಳು ಜಾರು ಎತ್ತಿ, ಮುಚ್ಚಳ ತಿರುಗಿಸಿ, ಕಾಯಿಲೆ ಏನೆಂದು ಸೂಚಿಸಿದಳು. ಮುಚ್ಚಳದ ಅಂಚಿನಲ್ಲಿ ಉಗುರಿನಷ್ಟು ಒಂದು ಪ್ಲಾಸ್ಟಿಕ್ ಕಿವಿ ಇರುತ್ತದೆ. ಮುಚ್ಚಳ ಸರಿಯಾಗಿ ಕೂತಾಗ ಆ ಕಿವಿ ಒಳಗಿನ ಸಣ್ಣ ಸ್ವಿಚ್ಚನ್ನು ಒತ್ತುತ್ತದೆ. ಕಿವಿ ಮುರಿದಿದೆ. ಮುಚ್ಚಳ ಹಾಕೇ ಇಲ್ಲವೆಂದು ಮಿಕ್ಸಿ ತಿಳಿದುಕೊಂಡಿದೆ.

“ಅಂದ್ರೆ ಮೋಟರ್ ಚೆನ್ನಾಗೈತೆ?”

“ಹೊಸದರ ಹಾಗೇ ಐತೆ ಸರ್.”

“ಮತ್ತೆ ಯಾಕೆ ತಿರುಗಲ್ಲ?”

“ಅದಕ್ಕೆ ಒಪ್ಪಿಗೆ ಇಲ್ಲ,” ಅಂದಳು ಹುಡುಗಿ, ಬೇರೆ ಮಾತು ಸಿಗದೆ.

ಹಾಗಾದರೆ ಒಂದು ಮುಚ್ಚಳ ಕೊಡಮ್ಮ ಅಂದ ತೀರ್ಥಪ್ಪ. ಬರೀ ಮುಚ್ಚಳ ಬರುವುದಿಲ್ಲ, ಜಾರು ಸಮೇತ ಬರುತ್ತದೆ, ಆ ಜಾರೂ ಈಗ ಬರುವುದಿಲ್ಲ, ಈ ಮಾಡಲನ್ನೇ ಕಂಪನಿ ನಿಲ್ಲಿಸಿದೆ. ಹಳೇದು ಕೊಟ್ಟು ಹೊಸದು ತೆಗೆದುಕೊಳ್ಳುವ ಸ್ಕೀಮು ಬೇಕಾದರೆ ಇದೆ ಅಂದಳು ಹುಡುಗಿ.

“ಹಳೇದು ಎಲ್ಲಿಂದ ಬಂತಮ್ಮ? ಇದು ಕಂಡಿರೋದು ಒಂದೇ ಗೌರಿ ಹಬ್ಬ.”

ಹುಡುಗಿ ತಾನೇ ಸೀರೆಯ ಗಂಟು ಕಟ್ಟಿಕೊಟ್ಟಳು. ಬಾಗಿಲ ತನಕ ಬಂದು, ಮನೆಯಲ್ಲಿ ಬಿಚ್ಚಬೇಡಿ ಸರ್, ಅಪಾಯ ಅಂತ ಹೇಳೋದು ನಮ್ಮ ರೂಲ್ಸು ಎಂದು ಹೇಳಿ, ನಕ್ಕಳು.

ಮೆಟ್ಟಿಲ ಕೆಳಗೆ ಯುದ್ಧ ಶುರುವಾಯಿತು. ಮೊದಲು ತಗಡಿನ ಕಿವಿ ಮಾಡಿ ಮುಚ್ಚಳಕ್ಕೆ ಅಂಟಿಸಿ ನೋಡಿದ, ಒತ್ತಿದ ಕೂಡಲೇ ಕಿತ್ತುಬಂತು. ಮೂರು ಕಿವಿಯ ಸ್ಕ್ರೂಗೆ ಸರಿಯಾಗಿ ಹಳೇ ಸ್ಕ್ರೂಡ್ರೈವರಿನ ಮೂತಿಯನ್ನು ಸಾಣೆಗೆ ಕೊಟ್ಟು ಕೊಟ್ಟು ಹೊಂದಿಸಲು ಒಂದು ಇಡೀ ದಿನ. ಸ್ಕ್ರೂ ನಾಲ್ಕು ಬಿಚ್ಚಿದರೂ ತಳ ಬರಲಿಲ್ಲ. ಐದನೆಯದು ರಬ್ಬರು ಕಾಲಿನ ಒಳಗೆ ಅಡಗಿ ಕೂತಿದೆಯೆಂದು ಗೊತ್ತಾಗಲು ಇನ್ನೊಂದು ದಿನ. ಈರಭದ್ರಪ್ಪ ಗಲ್ಲಾಪೆಟ್ಟಿಗೆಯ ಮೇಲಿಂದ ಬಗ್ಗಿ ಬಗ್ಗಿ ನೋಡಿದ. ಅವನೂ ಈಗ ಮಿಕ್ಸಿ ಮಾರುತ್ತಾನೆ.

“ನೀನು ಒಂದು ಬಿಚ್ಚೋದ್ರೊಳಗೆ ನಾನು ಆರು ಮಾರಿದೆ ಕಣೋ ತೀರ್ಥ.”

“ಮಾರು ಮಾರು. ಆರೂ ನನ್ನ ಹತ್ರನೇ ಬತ್ತವೆ.”

“ಬರಲ್ಲ ಕಣೋ. ಗುಜರಿಗೆ ಹೋಗ್ತವೆ. ಅದೇ ತಾನೇ ನಿನ್ನ ಸಂಕಟ.”

ಅಷ್ಟರಲ್ಲಿ ತಳ ಚಟ್ಟೆಂದು ತೀರ್ಥಪ್ಪನ ಕೈಗೆ ಬಂದಿತ್ತು, ಜೊತೆಗೆ ಪ್ಲಾಸ್ಟಿಕ್ಕಿನ ಎರಡು ಚೂರೂ ಬಂದಿದ್ದವು. ಒಳಗೆ ನೋಡಿದರೆ ಕಣ್ಣಿಗೆ ಹಬ್ಬ. ಮೋಟರಿನ ತಾಮ್ರ ಹೊಸ ಬಳೆಯ ಹಾಗೆ ಹೊಳೆಯುತ್ತಿತ್ತು. ಅದರ ಪಕ್ಕದಲ್ಲಿ ಮಾತ್ರ ಒಂದು ಕರೀ ಹೆಂಟೆ. ಮುಚ್ಚಳದ ಸ್ವಿಚ್ಚು, ಬೆರಳು ಮುಟ್ಟುವ ಜಾಗದ ವೈರು, ಕೂಗುವ ಪೀಪಿ ಎಲ್ಲವನ್ನೂ ಒಂದೇ ಕಡೆ ಕೂಡಿಸಿ, ಮೇಲೆ ಅರಗಿನಂಥದ್ದನ್ನು ಹುಯ್ದು ಕಲ್ಲು ಮಾಡಿದ್ದರು. ಯಾರೂ ಕೈ ಹಾಕಬಾರದೆಂದೇ ಹಾಗೆ ಮಾಡಿದ್ದರೆಂಬುದರಲ್ಲಿ ಅವನಿಗೆ ಅನುಮಾನ ಉಳಿಯಲಿಲ್ಲ. ಅಂಗಡಿ ಹಾಕಿದ ಮೇಲೆ ಮೊದಲ ಸಲ ತೀರ್ಥಪ್ಪ ಒಂದು ವಸ್ತುವಿನ ಎದುರು ಕೈಕಟ್ಟಿ ಕೂತ.

ಎರಡು ದಿನ ಕೂತ. ಮೂರನೇ ದಿನ ಎದ್ದು, ಆ ಕರೀ ಹೆಂಟೆಯನ್ನೇ ಕತ್ತರಿಸಿ ಆಚೆಗೆ ಎಸೆದ. ಗೋಡೆಯಿಂದ ಬಂದ ಕರೆಂಟನ್ನು, ಯಾರ ಅಪ್ಪಣೆಯನ್ನೂ ಕೇಳದೆ, ನೇರವಾಗಿ ಮೋಟರಿಗೆ ಕೊಟ್ಟ. ಮುರಿದ ತಳಕ್ಕೆ ತಗಡಿನ ಪಟ್ಟಿ ಹೊಡೆದ. ಒಳಗೆ ತಾರೀಕು ಗೀಚಿ ಮುಚ್ಚಿದ. ಎಡ ಭುಜದ ಹತ್ತಿರ ಗೋಡೆಯಲ್ಲಿ ಅವನದೊಂದು ದುಂಡನೆಯ ಕರೀ ಸ್ವಿಚ್ಚಿದೆ. ಇಷ್ಟು ವರ್ಷವೂ ಎಲ್ಲ ಸಾಮಾನನ್ನೂ ಅದರಿಂದಲೇ ಓಡಿಸಿ ನೋಡಿದ್ದು. ಜಾರಿಗೆ ಹಿಡಿ ಅಕ್ಕಿ ಹಾಕಿ, ಮುಚ್ಚಳ ಅಂಗೈಯಲ್ಲಿ ಒತ್ತಿ, ಮೊಣಕೈಯಿಂದ ಆ ಸ್ವಿಚ್ಚನ್ನು ತಟ್ಟಿದ. ಮಿಕ್ಸಿ ಗುಡ್ಡ ಹತ್ತುವ ಲಾರಿಯ ಹಾಗೆ ಗರ್ಜಿಸಿತು. ಅಕ್ಕಿ ಎರಡೇ ಕ್ಷಣಕ್ಕೆ ರಂಗೋಲಿ ಹಿಟ್ಟಾಯಿತು. ಈರಭದ್ರಪ್ಪ ಬಗ್ಗಿ ನೋಡಿದವನು, ಎರಡು ಕಾಫಿ ತರಿಸಿದ.

ಗೌರಿ ಹಬ್ಬದ ದಿನ ಸಾವಿತ್ರಮ್ಮ ಬಾಗಿನದ ಮೊರ ಹಿಡಿದುಕೊಂಡಳು, ತೀರ್ಥಪ್ಪ ಸೀರೆಯ ಗಂಟು ಹಿಡಿದುಕೊಂಡ. ಅಜ್ಜಂಪುರದಲ್ಲಿ ಬಸ್ಸು ಬದಲಿಸುವಾಗ, ಹುಷಾರು, ಎಲ್ಲರ ಮುಂದೆ ಭಾಷಣ ಮಾಡಬೇಡಿ ಎಂದು ಅವಳು ಎಚ್ಚರಿಸಿದಳು. ಅವನಿಗೆ ಕೇಳಿಸಲಿಲ್ಲ. ಭಾಷಣವನ್ನು ಅವನು ಬೀರೂರಿನಲ್ಲೇ ತಯಾರು ಮಾಡಿ ಮುಗಿಸಿದ್ದ.

ಬುಕ್ಕಾಂಬುಧಿಯ ಮನೆಯಲ್ಲಿ ಬಾಗಿನ ಕೊಟ್ಟದ್ದಾಯಿತು, ಹಾಲಮ್ಮ ಅಣ್ಣನ ಕಾಲಿಗೆ ನಮಸ್ಕಾರ ಮಾಡಿದ್ದಾಯಿತು. ಎಲ್ಲರ ಕಣ್ಣೂ ಗಂಟಿನ ಮೇಲೆ. ತೀರ್ಥಪ್ಪ ಅಡಿಗೆಮನೆಗೆ ನಡೆದ, ಮನೆಯವರೆಲ್ಲ ಹಿಂದೆ ಬಂದರು. ಗೋಡೆಗೆಲ್ಲ ಹಾಲಿನ ಬಿಳುಪಿನ ಬಣ್ಣ. ಓಂಕಾರಮ್ಮ ತನ್ನ ತವರಿನಿಂದ ಆಗಷ್ಟೇ ಬಂದ ಹಳದಿ ಸೀರೆ ಉಟ್ಟು ಫ್ರಿಜ್ಜಿಗೆ ಒರಗಿ ನಿಂತಿದ್ದಳು. ಮಹೇಂದ್ರ ಕೈಯಲ್ಲಿ ಫೋನು ಹಿಡಿದು, ಅಜ್ಜಂಪುರದ ಅಂಗಡಿ ನಾಳೆ ತೆರೆದಿರುತ್ತೋ ಇಲ್ಲವೋ ಎಂದು ನೋಡುತ್ತಿದ್ದ.

ಆ ಅಡಿಗೆಮನೆಯಲ್ಲಿ ಪ್ಲಗ್ಗು ಚುಚ್ಚುವ ತೂತು ಕಟ್ಟೆಯ ಮೇಲಿದೆ, ಅದರ ಸ್ವಿಚ್ಚು ಬಾಗಿಲ ಹತ್ತಿರ ಇದೆ. ನೋಡಲು ಲಕ್ಷಣವಾಗಿರುತ್ತದೆಂದು ಮಹೇಂದ್ರನೇ ಎಲ್ಲ ಸ್ವಿಚ್ಚುಗಳನ್ನೂ ಬಾಗಿಲ ಬಳಿಯ ಒಂದೇ ಗಾಜಿನ ಪಟ್ಟಿಯಲ್ಲಿ ಸಾಲಾಗಿ ಹಾಕಿಸಿದ್ದ. ಕೋಮಲಾ ಕಾಯಿತುರಿ, ಹುರಿಗಡಲೆ, ಹಸಿಮೆಣಸಿನಕಾಯಿ, ಕೊತ್ತಂಬರಿ, ನೀರು ಎಲ್ಲ ಜಾರಿಗೆ ಹಾಕಿಕೊಟ್ಟು ಬಾಗಿಲ ಹತ್ತಿರ ಹೋಗಿ ನಿಂತಳು. ತೀರ್ಥಪ್ಪ ಜಾರನ್ನು ಮಿಕ್ಸಿಯ ಮೇಲೆ ಕೂರಿಸಿ, ಪ್ಲಗ್ಗು ಚುಚ್ಚಿ, ಮುಚ್ಚಳವನ್ನು ಕೈಯಲ್ಲಿ ಎತ್ತಿ ಹಿಡಿದು, ಎಲ್ಲರ ಕಡೆ ತಿರುಗಿದ.

“ಈ ಕಿವಿ ನೋಡ್ರಿ. ಇಷ್ಟೇ ಇಷ್ಟು. ಇದು ಮುರೀತು ಅಂತ ಇಡೀ ಮಿಷಿನ್ನು ಬಿಸಾಕ್ರಿ ಅಂತಾರೆ ಕಂಪನಿಯೋರು. ಯಾಕೆ ಬಿಸಾಕಬೇಕು? ಮನುಷ್ಯ ಮುಚ್ಚಳ ಹಾಕವ್ನೋ ಇಲ್ವೋ ಅನ್ನೋದನ್ನ ಮಿಷಿನ್ನು ಯಾಕೆ ನೋಡಬೇಕು? ಅಷ್ಟು ಬುದ್ಧಿ ಮನುಷ್ಯಂಗೆ ಇಲ್ವಾ?”

ಕೋಮಲಾಗೆ ಜನರ ಮಧ್ಯೆ ಮುಚ್ಚಳ ಎಲ್ಲಿದೆಯೆಂದು ಕಾಣುತ್ತಿರಲಿಲ್ಲ. ಮೊದಲು ಗೋಡೆಯ ಸ್ವಿಚ್ಚು ಹಾಕುವುದು, ಆಮೇಲೆ ಕಟ್ಟೆಯ ಹತ್ತಿರ ಬಂದು ಮಿಕ್ಸಿಯನ್ನು ಮುಟ್ಟುವುದು ಅವಳ ರೂಢಿ. ಮುಟ್ಟುವ ತನಕ ಆ ಮಿಕ್ಸಿ ಕಾಯುತ್ತದೆ. ಮಾವ ಕೇಳಿದ ಪ್ರಶ್ನೆಗೆ ತಲೆಯಾಡಿಸುತ್ತಾ, ಸಹಾಯವಾಗಲಿ ಎಂದು ಅವಳು ಸ್ವಿಚ್ಚು ಹಾಕಿದಳು.

ಅದು ಈಗ ಯಾರಿಗೂ ಕಾಯುವ ಮಿಕ್ಸಿಯಾಗಿರಲಿಲ್ಲ. ಕಾಯುವ ಭಾಗವನ್ನೇ ತೀರ್ಥಪ್ಪ ಕತ್ತರಿಸಿ ಎಸೆದಿದ್ದ. ತನ್ನ ಭುಜದ ಪಕ್ಕದ ಸ್ವಿಚ್ಚಿನಿಂದಲೇ ಸಾಮಾನು ಓಡಿಸಿ ರೂಢಿಯಾದವನಿಗೆ, ಮಿಕ್ಸಿಗೆ ತನ್ನದೇ ಆದ ಸ್ವಿಚ್ಚು ಇಲ್ಲದೆ ಹೋಯಿತೆಂಬುದು ಆ ಕ್ಷಣದ ತನಕ ತಲೆಗೇ ಬಂದಿರಲಿಲ್ಲ. ಗರ್ಜನೆ ಎದ್ದಿತು. ಚಟ್ನಿ ಬುಗ್ಗೆಯ ಹಾಗೆ ಚಿಮ್ಮಿ, ಮೊದಲು ಸೂರಿಗೆ ಹೋಗಿ, ಅಲ್ಲಿಂದ ಎಲ್ಲರಿಗೂ ಸಮನಾಗಿ ಹಂಚಿಕೆಯಾಯಿತು. ಬಿಳೀ ಗೋಡೆ, ಫ್ರಿಜ್ಜಿನ ಎರಡೂ ಬಾಗಿಲು, ಮಹೇಂದ್ರನ ಫೋನು, ಸಾವಿತ್ರಮ್ಮನ ಕೈಯ ಅರಿಶಿನ ಕುಂಕುಮದ ತಟ್ಟೆ. ಓಂಕಾರಮ್ಮನ ಹಳದಿ ಸೀರೆಗೆ ಎದೆಯಿಂದ ಅಂಚಿನ ತನಕ ಹಸಿರು ಬುಟ್ಟಾ ಬಂತು. ತೀರ್ಥಪ್ಪನ ಕಣ್ಣನ್ನು ಕನ್ನಡಕ ಉಳಿಸಿತು. ಮುಚ್ಚಳ ಇನ್ನೂ ಅವನ ಕೈಯಲ್ಲಿ ಎತ್ತಿ ಹಿಡಿದ ಹಾಗೇ ಇತ್ತು.

ಕೋಮಲಾ ಸ್ವಿಚ್ಚು ಆರಿಸಿದಳು. ಸೂರಿನಿಂದ ಒಂದೊಂದು ಹನಿ ಬೀಳುತ್ತಿತ್ತು.

ತೀರ್ಥಪ್ಪ ಕನ್ನಡಕ ತೆಗೆದು, ಒರೆಸಲು ಅಂಗಿಯಲ್ಲಿ ಒಣಗಿದ ಜಾಗ ಹುಡುಕಿ, ಸಿಗದೆ, ಮತ್ತೆ ಹಾಗೇ ಹಾಕಿಕೊಂಡ. ಜೀವಮಾನದಲ್ಲಿ ಕಂಪನಿಯವರ ಪರವಾಗಿ ಅವನು ಒಂದು ಮಾತಾಡಿದವನಲ್ಲ. ಈಗ ಆಡಿದ.

“ಆ ಕಿವಿ ಇಟ್ಟಿದ್ದು ಸುಮ್ಮನೆ ಅಲ್ಲ ಅಂತ ಕಾಣ್ತದೆ,” ಅಂದ. ಆಮೇಲೆ ಮಹೇಂದ್ರನ ಕಡೆ ತಿರುಗಿ, “ನಾಳೆ ಹೋಗಿ ಹೊಸದು ತಂದ್ಬಿಡಪ್ಪ. ಇದನ್ನ ನಾನೇ ಗುಜರಿಗೆ ಹಾಕ್ಕೊಂಡೋಗ್ತೀನಿ. ನಿಮ್ಮೂರ ಗುಜರಿಯೋನಿಗೆ ಕೊಡಬೇಡ್ರಿ.”

ಗಂಟು ಬಿಚ್ಚಿದ್ದ ಹಳೇ ಸೀರೆಯನ್ನು ಅವನು ಮತ್ತೆ ಕಟ್ಟೆಯ ಮೇಲೆ ಹರಡತೊಡಗಿದ. ಅಣ್ಣನ ಬೆನ್ನು ಅಷ್ಟು ಬಗ್ಗಿದ್ದನ್ನು ಹಾಲಮ್ಮ ಯಾವತ್ತೂ ನೋಡಿರಲಿಲ್ಲ. ಅವಳು ಮೊಣಕೈ ಮೇಲೆ ಅಂಟಿದ್ದ ಚಟ್ನಿಯನ್ನು ಬೆರಳಲ್ಲಿ ತೆಗೆದು ನಾಲಗೆಗೆ ಇಟ್ಟುಕೊಂಡಳು. ಇನ್ನೊಂದು ಸಲ ತೆಗೆದು ನೋಡಿದಳು.

“ನುಣ್ಣಗಾಗೈತೆ. ಉಪ್ಪು ಹಾಕಿಲ್ಲ ಕೋಮಲಾ, ನೀನು.”

ಬೆರಳನ್ನು ಸೆರಗಿಗೆ ಒರೆಸಿಕೊಂಡು ಹಾಲಮ್ಮ ಎಲ್ಲರ ಕಡೆ ತಿರುಗಿದಳು.

“ಓಡಲ್ಲ ಅಂದಿದ್ರಿ. ಓಡ್ತಲ್ಲ. ಮೊದಲಿಗಿಂತ ಜೋರಾಗೇ ಓಡ್ತು. ಬಟ್ಟೆ ಮಡಿಸಿಡಣ್ಣ, ಇದು ಎಲ್ಲಿಗೂ ಹೋಗಲ್ಲ.”

ಓಂಕಾರಮ್ಮನಿಗೆ ಈಗ ಬಾಯಿ ಬಂತು. ಓಡುವುದೇನೋ ಸರಿಯಕ್ಕಾ, ದಿನಾ ಹೀಗೆ ಎಲ್ಲರೂ ಚಟ್ನಿ ಸ್ನಾನ ಮಾಡೋಕಾಗ್ತದಾ, ಮುಚ್ಚಳ ನಿಲ್ಲಲ್ಲ, ಸ್ವಿಚ್ಚು ನೋಡಿದರೆ ಬಾಗಿಲ ಹತ್ತಿರ ಐತೆ, ಒಬ್ಬಳಿಗೆ ಎಷ್ಟು ಕೈ ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಎಲ್ಲರೂ ತೀರ್ಥಪ್ಪನನ್ನು ನೋಡಿದರು. ಅವನು ಮುಚ್ಚಳ ಎತ್ತಿಕೊಂಡು ಅದರ ಮುರಿದ ಕಿವಿಯನ್ನು ನೋಡಿದ.

ಹಾಲಮ್ಮ ಜಾರು ತೊಳೆದು ತಂದು ಮತ್ತೆ ಕಾಯಿತುರಿ ತುಂಬಿದಳು, ಈ ಸಲ ಉಪ್ಪು ಮರೆಯಲಿಲ್ಲ. ಮುಚ್ಚಳವನ್ನು ಅಣ್ಣನ ಕೈಯಿಂದ ಕಿತ್ತುಕೊಂಡು ಜಾರಿನ ಮೇಲಿಟ್ಟು, ಎರಡೂ ಅಂಗೈಯನ್ನು ಅದರ ಮೇಲೆ ಊರಿ, ಸೊಂಟ ಭದ್ರ ಮಾಡಿ ನಿಂತಳು.

“ಹೆಂಗೂ ನಿನ್ನ ಸೀರೆ ಹಾಳಾಗೈತೆ, ಇನ್ನು ಆಗೋಕೇನೂ ಉಳಿದಿಲ್ಲ. ಬಾಗಿಲ ಹತ್ರ ನೀನು ಹೋಗು ಓಂಕಾರಿ. ನಾನು ಹೂಂ ಅಂದಾಗ ಹಾಕು, ಸ್ ಅಂದಾಗ ಆರ್ಸು.”

ಓಂಕಾರಮ್ಮ ಮುಖ ಊದಿಸಿಕೊಂಡೇ ಹೋದಳು. ಹೂಂ ಅಂದಾಗ ಹಾಕಿದಳು, ಸ್ ಅಂದಾಗ ಆರಿಸಿದಳು. ಒಂದು ಹನಿಯೂ ಆಚೆ ಬರಲಿಲ್ಲ. ಮೂರನೇ ಸಲಕ್ಕೆ ಹಾಲಮ್ಮ ಸ್ ಅನ್ನುವ ಮುಂಚೆಯೇ ಆರಿಸಿ, ಸಾಕು ಕಣಕ್ಕಾ, ತರಿತರಿಯಾಗಿದ್ದರೇ ರುಚಿ ಅಂದಳು. ಹಾಲಮ್ಮ ಇಲ್ಲ, ನುಣ್ಣಗಾಗಬೇಕು ಅಂದಳು. ಅದರ ಮೇಲೆ ಇಬ್ಬರಿಗೂ ಮಾತು ಬೆಳೆಯಿತು. ಅಂಥ ಮಾತು ಅವರಿಬ್ಬರ ನಡುವೆ ಆಷಾಢದಿಂದ ಈಚೆಗೆ ನಿಂತೇ ಹೋಗಿತ್ತು.

ಮಹೇಂದ್ರ ಫೋನು ಒರೆಸಿ ಜೇಬಿಗಿಟ್ಟುಕೊಂಡು, ಗೋಡೆಗೆ ಸುಣ್ಣ ಎಷ್ಟು ಬೇಕಾಗುತ್ತದೆಂದು ಗೊಣಗುತ್ತಾ ಏಣಿ ತರಲು ಹೋದ. ಸಾವಿತ್ರಮ್ಮ ಗಂಡನ ಕನ್ನಡಕವನ್ನು ಸೆರಗಿನಿಂದ ಒರೆಸಿಕೊಟ್ಟು, ಈಗ ಭಾಷಣ ಮುಂದುವರಿಸಿ ಅಂದಳು.

ಹೊಸ ಮಿಕ್ಸಿ ಬರಲಿಲ್ಲ. ಬುಕ್ಕಾಂಬುಧಿಯ ಆ ಮನೆಯಲ್ಲಿ ಈಗಲೂ ಕಾಯಿ ರುಬ್ಬಬೇಕಾದರೆ ಒಬ್ಬಳು ಕಟ್ಟೆಯ ಹತ್ತಿರ ಮುಚ್ಚಳ ಒತ್ತಿ ನಿಲ್ಲುತ್ತಾಳೆ, ಇನ್ನೊಬ್ಬಳು ಬಾಗಿಲ ಹತ್ತಿರ ನಿಲ್ಲುತ್ತಾಳೆ. ಒಬ್ಬರು ಬೆರಳಲ್ಲಿ ಮುಟ್ಟಿ ಮುಗಿಸುತ್ತಿದ್ದ ಕೆಲಸಕ್ಕೆ ಇಬ್ಬರನ್ನು ಹಚ್ಚುವ ಹಾಗೆ ರಿಪೇರಿ ಮಾಡಿಕೊಟ್ಟವನು ಮೂರು ತಾಲ್ಲೂಕಿನಲ್ಲಿ ತಾನೊಬ್ಬನೇ ಎಂದು ತೀರ್ಥಪ್ಪ ಮೆಟ್ಟಿಲ ಕೆಳಗೆ ಕೂತು ಹೇಳಿಕೊಳ್ಳುತ್ತಾನೆ. ಅದನ್ನು ಹೊಗಳಿಕೆಯೆಂದು ಹೇಳುತ್ತಾನೋ, ತಪ್ಪೊಪ್ಪಿಗೆಯೆಂದು ಹೇಳುತ್ತಾನೋ, ಈರಭದ್ರಪ್ಪನಿಗೂ ಇನ್ನೂ ಗೊತ್ತಾಗಿಲ್ಲ.